ವಿದೇಶ ಪ್ರವಾಸದ ಕೊನೆಯ ದಿನ: ಕೆಲಸವೆಲ್ಲ ಹಿಂದಿನ ಸಂಜೆಯೇ ಮುಗಿಸಿ

ರಾತ್ರಿ 12:40ರ ವಿಮಾನ. ಟಿಕೆಟ್ ಮೇಲೆ 15ನೇ ತಾರೀಕು ಎಂದು ಸ್ಪಷ್ಟವಾಗಿಯೇ ಇತ್ತು. ನಾವು 15ರ ಬೆಳಿಗ್ಗೆ ನಿಧಾನವಾಗಿ ಎದ್ದು, ದಿನವಿಡೀ ಊರು ಸುತ್ತಿ, ರಾತ್ರಿ ಒಂಬತ್ತೂವರೆಗೆ ಸೂಟ್‌ಕೇಸ್ ಎಳೆದುಕೊಂಡು ಹೋಗಿ ಕೌಂಟರ್ ಮುಂದೆ ನಿಂತೆವು. ಅಲ್ಲಿದ್ದ ಹುಡುಗಿ ಪಾಸ್‌ಪೋರ್ಟ್ ನೋಡಿದಳು, ಕಂಪ್ಯೂಟರ್ ನೋಡಿದಳು, ಆಮೇಲೆ ನಮ್ಮ ಮುಖ ನೋಡಿದಳು. "ನಿಮ್ಮ ವಿಮಾನ ನಿನ್ನೆ ರಾತ್ರಿಯೇ ಹೋಯಿತು" ಎಂದಳು.

ಹೋಟೆಲನ್ನೂ 15ರವರೆಗೇ ಬುಕ್ ಮಾಡಿದ್ದೆವು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಚೆಕ್-ಇನ್ ಮಾಡಿ ಎಂಬ ಮೆಸೇಜ್ ಒಂದು ದಿನ ಮೊದಲೇ ಬಂದಿತ್ತಂತೆ. ಅದು ಬಂದದ್ದು ನನ್ನ ಹಳೆಯ ನಂಬರಿಗೆ. ಆ ಸಿಮ್ ಪರ್ಸಿನ ಜಿಪ್ಪಿನೊಳಗೆ ಮಲಗಿತ್ತು. ಹೊಸ ಟಿಕೆಟ್‌ಗೆ ಸುರಿದ ದುಡ್ಡಿನಲ್ಲಿ ಇನ್ನೊಂದು ಸಣ್ಣ ಪ್ರವಾಸವೇ ಮುಗಿಯುತ್ತಿತ್ತು.

ಅಂದಿನಿಂದ ಕೊನೆಯ ದಿನವನ್ನು ನಾನು ಪ್ರವಾಸದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಪ್ರಯಾಣದ ದಿನ. ಅದರ ಕೆಲಸ ಹಿಂದಿನ ಸಂಜೆಯೇ ಮುಗಿದಿರಬೇಕು. ಹಾಗೆ ಮುಗಿಸಿದರೆ ಬೆಳಿಗ್ಗೆ ನಾಲ್ಕು ಗಂಟೆ ಬೋನಸ್ ಸಿಗುತ್ತದೆ. ಇಲ್ಲದಿದ್ದರೆ ಸೂಟ್‌ಕೇಸ್ ಮೇಲೆ ಕೂತು ಜಿಪ್ ಎಳೆಯುವುದರಲ್ಲೇ ದಿನ ಹೋಗುತ್ತದೆ. ನಾನು ಮಾಡುವ ಕ್ರಮವನ್ನೇ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

1. ಮೂರು ದಿನ ಮೊದಲು: ಟಿಕೆಟನ್ನು ಹೊಸದಾಗಿ ಓದಿ

ಟಿಕೆಟ್ ಬುಕ್ ಮಾಡಿ ತಿಂಗಳುಗಳೇ ಆಗಿರುತ್ತವೆ. ನಿಮಗೆ ನೆನಪಿರುವ ಸಮಯ ಒಂದು, ಅದರ ಮೇಲಿರುವ ಸಮಯ ಇನ್ನೊಂದು ಆಗಿರಬಹುದು. ವಿಮಾನ ಕಂಪನಿಯೇ ಸಮಯ ಬದಲಿಸಿರಲೂಬಹುದು. ಮೊಬೈಲಿನಲ್ಲಿ ಉಳಿಸಿಕೊಂಡ ಹಳೆಯ ಫೋಟೊ ಸಾಲದು. ಕಂಪನಿಯ ಸೈಟಿಗೆ ಹೋಗಿ ಬುಕಿಂಗ್ ನಂಬರ್ ಹಾಕಿಯೇ ನೋಡಿ.

ವಿಮಾನ ನಡುರಾತ್ರಿ 12ರಿಂದ ಬೆಳಗಿನ ಜಾವ 4ರ ನಡುವೆ ಇದ್ದರೆ ಜೊತೆಯವರಿಗೆಲ್ಲ ಒಂದೇ ಪ್ರಶ್ನೆ ಕೇಳಿ: "ಯಾವ ದಿನ ರಾತ್ರಿ ಊಟ ಮುಗಿಸಿ ನಾವು ಹೊರಡಬೇಕು?" ತಾರೀಕು ಹೇಳಬೇಡಿ, ವಾರ ಹೇಳಿ. "ಬುಧವಾರ ರಾತ್ರಿ" ಎಂದು ಎಲ್ಲರ ಬಾಯಿಂದಲೂ ಬಂದರೆ ಸರಿ. ಒಬ್ಬರು ಗುರುವಾರ ಅಂದರೂ ಕೂತು ಮತ್ತೊಮ್ಮೆ ಓದಿ.

ಆಮೇಲೆ ವಿಮಾನ ನಿಲ್ದಾಣದ ಹೆಸರು. ಬಂದಿಳಿದ ಕಡೆಯಿಂದಲೇ ವಾಪಸ್ ಹೊರಡುತ್ತೇವೆ ಎಂಬುದು ನಮ್ಮ ಊಹೆ ಅಷ್ಟೆ. ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ ಬೇರೆ, ಡಾನ್ ಮುವಾಂಗ್ ಬೇರೆ. ಟೋಕಿಯೊದಲ್ಲಿ ಹನೇಡಾ, ನರೀಟಾ. ಪ್ಯಾರಿಸ್‌ನಲ್ಲಿ ಶಾರ್ಲ್ ಡಿ ಗಾಲ್, ಓರ್ಲಿ. ಇಸ್ತಾಂಬುಲ್‌ನಲ್ಲಿ ಒಂದು ನಿಲ್ದಾಣ ಯುರೋಪ್ ದಂಡೆಯ ಕಡೆ, ಸಬಿಹಾ ಗೊಕ್ಚೆನ್ ಏಷ್ಯಾ ದಂಡೆಯ ಕಡೆ. ಲಂಡನ್ನಿನಲ್ಲಂತೂ ಹೀಥ್ರೂ, ಗ್ಯಾಟ್ವಿಕ್, ಸ್ಟ್ಯಾನ್‌ಸ್ಟೆಡ್, ಲೂಟನ್ ಎಂದು ಸಾಲೇ ಇದೆ. ಟ್ಯಾಕ್ಸಿಯವನಿಗೆ ಸುಮ್ನೆ "ಏರ್‌ಪೋರ್ಟ್" ಅಂದರೆ ಅವನು ತನಗೆ ಗೊತ್ತಿರುವ ಕಡೆ ಕರೆದುಕೊಂಡು ಹೋಗುತ್ತಾನೆ. ಟಿಕೆಟ್ ಮೇಲಿನ ಮೂರಕ್ಷರದ ಕೋಡ್ ತೋರಿಸಿ. ಟರ್ಮಿನಲ್ ನಂಬರನ್ನೂ ಸೇರಿಸಿ ಹೇಳಿ.

ವೀಸಾ ಮುಗಿಯುವ ದಿನವನ್ನೂ ಇದೇ ಹೊತ್ತಿನಲ್ಲಿ ನೋಡಿಬಿಡಿ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಇರಬಹುದು ಎಂಬ ನಿಯಮವಿದೆ. ಅದರಲ್ಲಿ ಬಂದ ದಿನವೂ ಹೋಗುವ ದಿನವೂ ಲೆಕ್ಕಕ್ಕೆ ಬರುತ್ತವೆ. ವೀಸಾ ಮೇಲೆ ಕಡಿಮೆ ದಿನ ಬರೆದಿದ್ದರೆ ಆ ಸಂಖ್ಯೆಯೇ ನಿಮ್ಮ ಮಿತಿ. ನಡುರಾತ್ರಿಯ ವಿಮಾನ ಇಲ್ಲೂ ಕಾಟ ಕೊಡುತ್ತದೆ. ವೀಸಾ ಮುಗಿಯುವ ದಿನದ ಮರುದಿನ 00:30ಕ್ಕೆ ವಿಮಾನವಿದ್ದರೆ, ನೀವು ಇಮಿಗ್ರೇಷನ್ ದಾಟುವ ಹೊತ್ತಿಗೆ ತಾರೀಕು ಬದಲಾಗಿರಬಹುದು. ಬುಕ್ ಮಾಡುವಾಗಲೇ ಒಂದು ದಿನ ಜಾಸ್ತಿ ಇಟ್ಟುಕೊಂಡರೆ ಈ ತಲೆನೋವಿಲ್ಲ.

ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಯುರೋಪಿನ ಬಹುತೇಕ ದೇಶಗಳಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತದೆ. ಅಮೆರಿಕದ ಹೆಚ್ಚಿನ ಭಾಗದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ. ಮೊಬೈಲ್ ತಾನಾಗಿ ಬದಲಾಗುತ್ತದೆ, ಕೈಗಡಿಯಾರ ಬದಲಾಗುವುದಿಲ್ಲ. ಮಾರ್ಚ್‌ನಲ್ಲಿ ಮರೆತವರು ಒಂದು ಗಂಟೆ ತಡವಾಗಿ ಹೋಗಿ ನಿಲ್ಲುತ್ತಾರೆ.

ಸಮುದ್ರ ತೀರದ ಊರಿನಲ್ಲಿದ್ದು ಸ್ಕೂಬಾ ಡೈವಿಂಗ್ ಮಾಡುವವರಿಗೆ ಒಂದು ಮಾತು. ಕೊನೆಯ ದಿನಕ್ಕೆ ಡೈವಿಂಗ್ ಇಟ್ಟುಕೊಳ್ಳಲೇಬೇಡಿ. ನೀರಿನಾಳದ ಒತ್ತಡದಲ್ಲಿ ರಕ್ತದಲ್ಲಿ, ಅಂಗಾಂಗಗಳಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ಅದು ಹೋಗುವ ಮೊದಲೇ ವಿಮಾನ ಹತ್ತಿದರೆ, ಕ್ಯಾಬಿನ್ನಿನ ಕಡಿಮೆ ಒತ್ತಡಕ್ಕೆ ಮೈಯೊಳಗೇ ಗುಳ್ಳೆ ಏಳುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ. ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಮುಳುಗಿದ್ದರೆ ಕನಿಷ್ಠ 18 ಗಂಟೆ ಬಿಡಬೇಕು ಎನ್ನುತ್ತದೆ ಡೈವಿಂಗ್ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್. ನಾನಾದರೆ ಪೂರ್ತಿ ಒಂದು ದಿನವೇ ಬಿಡುತ್ತೇನೆ. ಮೇಲೆಮೇಲೇ ತೇಲುವ ಸ್ನಾರ್ಕೆಲಿಂಗ್‌ಗೆ ಈ ಭಯವಿಲ್ಲ.

2. ಹಿಂದಿನ ದಿನ ಮಧ್ಯಾಹ್ನ: ಸಮಯವನ್ನು ಹಿಂದಿನಿಂದ ಎಣಿಸಿ

ರಾತ್ರಿ 10ಕ್ಕೆ ವಿಮಾನ ಅಂದುಕೊಳ್ಳಿ. ಗೇಟ್ ಸಾಮಾನ್ಯವಾಗಿ 15ರಿಂದ 20 ನಿಮಿಷ ಮೊದಲು ಮುಚ್ಚುತ್ತದೆ. ಅಂದರೆ 9:40. ಅಂತರರಾಷ್ಟ್ರೀಯ ವಿಮಾನಗಳಿಗೆ ಲಗೇಜ್ ತೆಗೆದುಕೊಳ್ಳುವ ಕೌಂಟರ್ ಹೆಚ್ಚಾಗಿ ಒಂದು ಗಂಟೆ ಮೊದಲೇ ಬಂದ್. ಅಂದರೆ 9:00. ಮೂರು ಗಂಟೆ ಮೊದಲು ಅಲ್ಲಿರಬೇಕು ಅಂದರೆ 7:00. ದಾರಿಗೆ ಒಂದು ಗಂಟೆ, ಟ್ರಾಫಿಕ್ಕಿಗೆ ಅರ್ಧ ಗಂಟೆ. 5:30ಕ್ಕೆ ಹೊರಡಬೇಕು. ಹೋಟೆಲಿನಲ್ಲಿ ಇಟ್ಟ ಲಗೇಜ್ ತೆಗೆದುಕೊಂಡು, ಶೌಚಾಲಯಕ್ಕೆ ಹೋಗಿ, ಟ್ಯಾಕ್ಸಿ ಬರುವವರೆಗೆ ಕಾದು ಎಂದರೆ 5:00. ಅಂದರೆ ಹತ್ತರ ವಿಮಾನದವರ ಸುತ್ತಾಟ ಸಂಜೆ ಐದಕ್ಕೇ ಮುಗಿಯಿತು.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಎಲ್ಲರಿಗೂ ತೋರಿಸಿ. ನಮ್ಮ ಅಣ್ಣನಿಗೆ ಬಾಯಲ್ಲಿ ಹೇಳಿದರೆ "ಇನ್ನೂ ಟೈಮಿದೆ ಬಿಡು" ಅನ್ನುತ್ತಾನೆ. ಬರೆದು ತೋರಿಸಿದರೆ ವಾದ ಮಾಡುವುದಿಲ್ಲ.

ನಿಲ್ದಾಣಕ್ಕೆ ಹೋಗುವ ದಾರಿ ಎರಡು ಇರಲಿ. ರೈಲು ಎಂದುಕೊಂಡಿದ್ದರೆ, ಅದು ಕೈಕೊಟ್ಟರೆ ಬಸ್ಸೋ ಟ್ಯಾಕ್ಸಿಯೋ ಎಲ್ಲಿ ಸಿಗುತ್ತದೆ ಎಂದು ಹೋಟೆಲಿನವರನ್ನು ಕೇಳಿಡಿ. ಭಾನುವಾರ, ಹಬ್ಬದ ದಿನ, ಬೆಳಗಿನ ಜಾವ ರೈಲು ಕಡಿಮೆ. ಮೊದಲ ರೈಲು ಎಷ್ಟು ಹೊತ್ತಿಗೆ ಎಂಬುದನ್ನು ಊಹಿಸಬೇಡಿ.

3. ಹಿಂದಿನ ಸಂಜೆ: ಲಗೇಜ್

ಹಾಸಿಗೆಯ ಮೇಲೆ ಎಲ್ಲವನ್ನೂ ಹರಡಿ. ಮೂರು ಗುಡ್ಡೆ ಮಾಡಿ: ಕೈಬ್ಯಾಗಿಗೆ, ದೊಡ್ಡ ಬ್ಯಾಗಿಗೆ, ನಾಳೆ ಹಾಕಿಕೊಳ್ಳುವುದಕ್ಕೆ. ನಾಳೆಯ ಬಟ್ಟೆಯನ್ನು ಮೊದಲು ಬೇರೆ ಇಡಿ. ನನ್ನ ಅತ್ತಿಗೆ ಒಮ್ಮೆ ಎಲ್ಲವನ್ನೂ ಚೆಂದವಾಗಿ ಮಡಚಿ, ಬೀಗ ಹಾಕಿ ಮಲಗಿದರು. ಬೆಳಿಗ್ಗೆ ಎದ್ದಾಗ ಹೊರಗೆ ಉಳಿದಿದ್ದು ಮೈಮೇಲಿನ ನೈಟಿ ಮಾತ್ರ.

ತೂಕ ನೋಡಲು ಕೈಯಲ್ಲಿ ಹಿಡಿಯುವ ಪುಟ್ಟ ತಕ್ಕಡಿ ಸಿಗುತ್ತದೆ. ಅಂಗೈಯಷ್ಟು ಇರುತ್ತದೆ. ಪ್ರವಾಸಕ್ಕೆ ಅಂತ ನಾನು ಕೊಂಡ ವಸ್ತುಗಳಲ್ಲಿ ದುಡ್ಡು ವಸೂಲಾಗಿದ್ದು ಇದರದ್ದೇ. ತಕ್ಕಡಿ ಇಲ್ಲದಿದ್ದರೆ ಹೋಟೆಲಿನವರನ್ನು ಕೇಳಿ, ಹಲವು ಕಡೆ ಇಟ್ಟಿರುತ್ತಾರೆ. ಮಿತಿಗಿಂತ ಒಂದು ಕಿಲೋ ಕಡಿಮೆಯೇ ಇರಲಿ. ನಿಮ್ಮ ತಕ್ಕಡಿ ಮತ್ತು ಅವರ ತಕ್ಕಡಿ ಒಂದೇ ಮಾತಾಡುವುದಿಲ್ಲ. ಎಷ್ಟೇ ದುಡ್ಡು ಕೊಟ್ಟರೂ 32 ಕಿಲೋ ದಾಟಿದ ಒಂದೇ ಬ್ಯಾಗನ್ನು ಹೆಚ್ಚಿನ ಕಂಪನಿಗಳು ತೆಗೆದುಕೊಳ್ಳುವುದಿಲ್ಲ. ಅದನ್ನು ಎತ್ತಿ ಇಡುವವರ ಬೆನ್ನಿನ ಪ್ರಶ್ನೆ ಅದು. ಆಗ ಅಲ್ಲೇ ನೆಲದ ಮೇಲೆ ಬ್ಯಾಗ್ ಬಿಚ್ಚಿ, ಒಳಬಟ್ಟೆಗಳನ್ನು ಊರಿಗೆಲ್ಲ ತೋರಿಸಿ, ಎರಡು ಭಾಗ ಮಾಡಬೇಕಾಗುತ್ತದೆ.

ಪವರ್ ಬ್ಯಾಂಕ್ ಕೈಬ್ಯಾಗಿನಲ್ಲೇ ಇರಬೇಕು. ದೊಡ್ಡ ಬ್ಯಾಗಿನಲ್ಲಿ ಇಡುವಂತಿಲ್ಲ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್ನಿನಲ್ಲಿ ಯಾರಾದರೂ ನೋಡಿ ಆರಿಸಬಹುದು, ಸರಕಿನ ಗೂಡಿನಲ್ಲಿ ನೋಡುವವರಿಲ್ಲ. ಬ್ಯಾಟರಿಯ ಸಾಮರ್ಥ್ಯ 100 ವ್ಯಾಟ್-ಅವರ್‌ವರೆಗೆ ಇದ್ದರೆ ಅನುಮತಿ ಬೇಡ. 100ರಿಂದ 160ರವರೆಗೆ ಕಂಪನಿಯ ಒಪ್ಪಿಗೆ ಬೇಕು. ಅದರ ಮೇಲೆ ಬಿಡುವುದೇ ಇಲ್ಲ. ಡಬ್ಬಿಯ ಮೇಲೆ ಎಂಎಎಚ್ ಮಾತ್ರ ಬರೆದಿದ್ದರೆ ಹೀಗೆ ಲೆಕ್ಕ ಹಾಕಿ: ಸಾವಿರದಿಂದ ಭಾಗಿಸಿ, 3.7ರಿಂದ ಗುಣಿಸಿ. 20,000 ಎಂಎಎಚ್‌ನದು 74 ವ್ಯಾಟ್-ಅವರ್, ತೊಂದರೆಯಿಲ್ಲ. 30,000ದ್ದು 111, ಕೇಳಲೇಬೇಕು. 2025ರಿಂದ ಹಲವು ಕಂಪನಿಗಳು ಹಾರಾಟದ ನಡುವೆ ಪವರ್ ಬ್ಯಾಂಕ್ ಬಳಸುವುದನ್ನೂ ನಿಲ್ಲಿಸಿವೆ. ಹಾಗಾಗಿ ಮೊಬೈಲನ್ನು ಗೇಟಿನಲ್ಲಿ ಕೂತಾಗಲೇ ಪೂರ್ತಿ ಚಾರ್ಜ್ ಮಾಡಿ. ಅಣ್ಣ ಒಮ್ಮೆ ಪವರ್ ಬ್ಯಾಂಕನ್ನು ದೊಡ್ಡ ಬ್ಯಾಗಿನ ತಳಕ್ಕೆ ತುರುಕಿದ್ದ. ಮೈಕಿನಲ್ಲಿ ಅವನ ಹೆಸರು ಕರೆದರು. ಅರ್ಧ ಗಂಟೆ ಓಡಾಡಿ ವಾಪಸ್ ಬಂದವನ ಮುಖ ನೋಡಬೇಕಿತ್ತು.

ಕೈಬ್ಯಾಗಿನಲ್ಲಿ 100 ಮಿಲಿಗಿಂತ ದೊಡ್ಡ ಬಾಟಲಿಯಲ್ಲಿ ದ್ರವ ಒಯ್ಯುವಂತಿಲ್ಲ ಎಂಬ ನಿಯಮ ಎಲ್ಲರಿಗೂ ಗೊತ್ತು, ಆದರೂ ಪ್ರತಿ ಸಲ ಯಾರದೋ ಬಾಟಲಿ ಕಸದ ಬುಟ್ಟಿಗೆ ಹೋಗುತ್ತದೆ. 2006ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉರುಳಿಸುವ ಸಂಚು ಬಯಲಾದ ಮೇಲೆ ಬಂದ ನಿಯಮ ಅದು. 100 ಮಿಲಿ ಎಂಬುದು ಬಾಟಲಿಯ ಅಳತೆ, ಒಳಗೆ ಉಳಿದಿರುವುದರ ಅಳತೆ ಅಲ್ಲ. 200 ಮಿಲಿ ಬಾಟಲಿಯ ತಳದಲ್ಲಿ ಒಂದು ಚಮಚ ಶಾಂಪೂ ಇದ್ದರೂ ಅದು ಹೋಯಿತು. ಹೊಸ ಸ್ಕ್ಯಾನರ್ ಬಂದ ಕೆಲವು ನಿಲ್ದಾಣಗಳಲ್ಲಿ ನಿಯಮ ಸಡಿಲವಾಗಿದೆ. ಆದರೆ ನಡುವೆ ವಿಮಾನ ಬದಲಿಸುವ ನಿಲ್ದಾಣದಲ್ಲಿ ಹಾಗಿರಬೇಕೆಂದಿಲ್ಲ. ಹಳೆಯ ನಿಯಮದಂತೆಯೇ ತುಂಬಿಕೊಳ್ಳುವುದು ಸಲೀಸು. ಜೇನುತುಪ್ಪ, ಜಾಮ್, ಮೆತ್ತಗಿನ ಚೀಸ್, ಕ್ರೀಮ್ ಎಲ್ಲವೂ ದ್ರವವೇ. ಅಲ್ಲಾಡಿಸಿದರೆ ಹಿಮ ಬೀಳುವ ಗಾಜಿನ ಗೋಲವೂ ದ್ರವವೇ. ನೆನಪಿನ ಕಾಣಿಕೆ ಅಂತ ಮಕ್ಕಳು ಅದನ್ನೇ ಹಿಡಿದುಕೊಂಡು ಬರುತ್ತಾರೆ, ಅಲ್ವಾ? ದೊಡ್ಡ ಬ್ಯಾಗಿನಲ್ಲಿ, ಕಾಲುಚೀಲದೊಳಗೆ ಸುತ್ತಿ ಇಡಿ.

ಸಮುದ್ರ ತೀರದಲ್ಲಿ ಆರಿಸಿದ ವಸ್ತುಗಳ ಬಗ್ಗೆ ಮಾತ್ರ ನಾನು ಸ್ವಲ್ಪ ಜೋರು. ಹವಳ, ದೊಡ್ಡ ಚಿಪ್ಪು, ಹಾವಿನ ಚರ್ಮದ ಪರ್ಸು, ದಂತದ ಚೂರು, ಯಾವುದೂ ಬೇಡ. 1975ರಿಂದ ಜಾರಿಯಲ್ಲಿರುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಇಂಥ ಎಷ್ಟೋ ವಸ್ತುಗಳಿಗೆ ಪರವಾನಗಿ ಕೇಳುತ್ತದೆ. ಅಂಗಡಿಯಲ್ಲಿ ರಾಜಾರೋಷವಾಗಿ ಮಾರುತ್ತಿದ್ದಾರೆ ಎಂದರೆ ಗಡಿ ದಾಟಿಸಬಹುದು ಎಂದಲ್ಲ. ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ತೀರದ ಮರಳು ಒಯ್ಯುವುದೂ ಅಪರಾಧ. 2019ರಲ್ಲಿ ಅಲ್ಲಿ ಒಂದು ಜೋಡಿ 14 ಬಾಟಲಿಗಳಲ್ಲಿ ಸುಮಾರು 40 ಕಿಲೋ ಮರಳು ತುಂಬಿಕೊಂಡು ಹಡಗು ಹತ್ತಲು ಹೋಗಿ ಸಿಕ್ಕಿಬಿತ್ತು. 40 ಕಿಲೋ ಮರಳು ಯಾಕೆ ಬೇಕಿತ್ತೋ ದೇವರೇ ಬಲ್ಲ. ಹಳೆಯ ನಾಣ್ಯ, ವಿಗ್ರಹ, ಕಟ್ಟಡದ ಚೂರು ಕೊಂಡಿದ್ದರೆ ರಸೀದಿ ಕೈಯಲ್ಲಿರಲಿ. ಎಷ್ಟೋ ದೇಶಗಳಲ್ಲಿ ಪುರಾತನ ವಸ್ತು ಹೊರಗೆ ಒಯ್ಯಲು ಅಪ್ಪಣೆ ಬೇಕು.

ಪಾಸ್‌ಪೋರ್ಟ್, ಔಷಧಿ, ಕನ್ನಡಕ, ಒಡವೆ, ಮನೆಯ ಬೀಗದ ಕೈ, ಒಂದು ಜೊತೆ ಬಟ್ಟೆ ಇವು ಕೈಬ್ಯಾಗಿಗೆ. ಬೀಗದ ಕೈಯನ್ನೇ ಎಲ್ಲರೂ ಮರೆಯುವುದು. ದೊಡ್ಡ ಬ್ಯಾಗ್ ಬೇರೆ ದೇಶಕ್ಕೆ ಹೋದ ರಾತ್ರಿ, ಮನೆಯ ಮುಂದೆ ನಿಂತಾಗ ನೆನಪಾಗುತ್ತದೆ.

ಬ್ಯಾಗ್ ಮುಚ್ಚುವ ಮೊದಲು ಒಳಗಿನ ಸಾಮಾನಿನದೊಂದು, ಮುಚ್ಚಿದ ಮೇಲೆ ಹೊರಗಿನದೊಂದು ಫೋಟೊ ತೆಗೆದುಕೊಳ್ಳಿ. ಕಳೆದುಹೋದರೆ "ಕಪ್ಪು ಬಣ್ಣದ ಸೂಟ್‌ಕೇಸ್" ಎಂಬ ವರ್ಣನೆ ಯಾರಿಗೂ ಉಪಯೋಗವಿಲ್ಲ.

4. ಅದೇ ಸಂಜೆ: ದುಡ್ಡು ಮತ್ತು ಸಿಮ್

ನಾಣ್ಯವನ್ನು ಹಣ ಬದಲಿಸುವವರು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕೊನೆಯ ಎರಡು ದಿನ ಚಿಲ್ಲರೆಯನ್ನೇ ಖರ್ಚು ಮಾಡಿ. ನೋಟು ಉಳಿದಿದ್ದರೆ ಹೋಟೆಲ್ ಬಿಲ್ಲಿನ ಒಂದು ಭಾಗ ನಗದಿನಲ್ಲಿ, ಉಳಿದದ್ದು ಕಾರ್ಡಿನಲ್ಲಿ ಕೊಡುತ್ತೇನೆ ಎಂದು ಕೇಳಿ ನೋಡಿ. ಹೆಚ್ಚಿನವರು ಒಪ್ಪುತ್ತಾರೆ. ಅಷ್ಟಾದ ಮೇಲೂ ಉಳಿದ ಚಿಲ್ಲರೆಗೆ ಕೆಲವು ವಿಮಾನಗಳಲ್ಲಿ ಲಕೋಟೆ ಕೊಡುತ್ತಾರೆ. ಯುನಿಸೆಫ್‌ನ ಚೇಂಜ್ ಫಾರ್ ಗುಡ್ ಯೋಜನೆ ಅದು, 1987ರಿಂದ ನಡೆದಿದೆ. ಡ್ರಾಯರಿನಲ್ಲಿ ವರ್ಷಗಟ್ಟಲೆ ಕೊಳೆಯುವ ನಾಣ್ಯ ಮಕ್ಕಳಿಗಾದರೂ ಆಗುತ್ತದೆ.

ಕಾರ್ಡ್ ಉಜ್ಜುವಾಗ ಯಂತ್ರ "ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ, ಇಲ್ಲಿನ ಹಣದಲ್ಲಿ ಕೊಡುತ್ತೀರಾ" ಎಂದು ಕೇಳಿದರೆ ಇಲ್ಲಿನ ಹಣ ಎಂದೇ ಒತ್ತಿ. ನಮ್ಮ ಹಣದ ಅಂಕಿ ನೋಡಲು ಹಾಯಾಗಿರುತ್ತದೆ, ಆದರೆ ಆ ವಿನಿಮಯ ದರದಲ್ಲಿ ಅವರ ಲಾಭ ಸೇರಿರುತ್ತದೆ. ಕೊನೆಯ ದಿನದ ಅವಸರದಲ್ಲೇ ಜನ ಇದಕ್ಕೆ ಬೀಳುವುದು.

ಮೆಟ್ರೊ ಕಾರ್ಡಿನಲ್ಲಿ ದುಡ್ಡು, ಠೇವಣಿ ಉಳಿದಿರಬಹುದು. ಹಾಂಗ್‌ಕಾಂಗ್‌ನ ಆಕ್ಟೋಪಸ್, ಜಪಾನಿನ ಸುಯಿಕಾದಂಥ ಕಾರ್ಡ್ ಹಿಂದಿರುಗಿಸಿದರೆ ಠೇವಣಿ ವಾಪಸ್ ಬರುತ್ತದೆ. ಆದರೆ ಎಲ್ಲ ಕೌಂಟರಿನಲ್ಲೂ ಕೊಡುವುದಿಲ್ಲ, ಎಲ್ಲಿ ಎಂದು ಮೊದಲೇ ಕೇಳಿಕೊಳ್ಳಿ. ಮತ್ತೆ ಬರುವ ಆಸೆಯಿದ್ದರೆ ಕಾರ್ಡ್ ಇಟ್ಟುಕೊಳ್ಳಿ, ಕೆಲವು ವರ್ಷ ನಡೆಯುತ್ತದೆ.

ಮನೆಯ ಸಿಮ್ ತೆಗೆದು ಅಲ್ಲಿನ ಸಿಮ್ ಹಾಕಿದ್ದರೆ, ಹಳೆಯದನ್ನು ಟೇಪ್‌ನಿಂದ ಪಾಸ್‌ಪೋರ್ಟ್ ಕವರಿನ ಒಳಗೆ ಅಂಟಿಸಿ. ಅದನ್ನು ತೆಗೆಯುವ ಸೂಜಿಯನ್ನೂ ಜೊತೆಗೇ. ಸೂಜಿ ಇಲ್ಲದವರು ಕಿವಿಯೋಲೆಯ ಕಡ್ಡಿ ಬಳಸುವುದನ್ನು ನೋಡಿದ್ದೇನೆ. ಬೋರ್ಡಿಂಗ್ ಪಾಸ್, ಹೋಟೆಲ್ ವಿಳಾಸ, ವೀಸಾ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ನೆಟ್ ಇಲ್ಲದೆಯೂ ತೆರೆದುಕೊಳ್ಳಬೇಕು.

5. ಬೆಳಿಗ್ಗೆ: ಕೋಣೆ ಬಿಡುವುದು

ಲಗೇಜ್ ಮೊದಲು ಬಾಗಿಲ ಹೊರಗೆ ಇಡಿ. ಖಾಲಿ ಕೋಣೆಯೊಳಗೆ ಒಬ್ಬರೇ ವಾಪಸ್ ಹೋಗಿ. ಎಲ್ಲರೂ ಒಟ್ಟಿಗೆ ಹುಡುಕಿದರೆ ಯಾರೂ ಹುಡುಕಿದಂತೆ ಆಗುವುದಿಲ್ಲ.

ಬಾಗಿಲಿನ ಎಡಗಡೆಯಿಂದ ಶುರು ಮಾಡಿ ಗೋಡೆ ಹಿಡಿದು ಒಂದು ಸುತ್ತು ಬನ್ನಿ. ಪ್ಲಗ್ ಪಾಯಿಂಟ್ ಎಲ್ಲವನ್ನೂ ನೋಡಿ, ಮಂಚದ ಹಿಂದಿನದನ್ನು ಬಗ್ಗಿ ನೋಡಿ. ಬಿಳಿ ಗೋಡೆ, ಬಿಳಿ ಚಾರ್ಜರ್, ಕಣ್ಣಿಗೆ ಕಾಣುವುದೇ ಇಲ್ಲ. ಬಾತ್‌ರೂಮಿನ ಬಾಗಿಲ ಹಿಂದಿನ ಕೊಕ್ಕೆ. ಒಣಗಲು ಹಾಕಿದ ಒಳಬಟ್ಟೆ. ಕಪಾಟಿನ ಮೇಲಿನ ಅಟ್ಟ. ದಿಂಬಿನ ಕೆಳಗೆ, ಹೊದಿಕೆಯ ಮಡಿಕೆಯೊಳಗೆ. ಬಿಳಿ ಹಾಸಿಗೆಯಲ್ಲಿ ಬಿಳಿ ಇಯರ್‌ಫೋನ್ ಹುಡುಕಿದವರಿಗೇ ಆ ಕಷ್ಟ ಗೊತ್ತು. ಫ್ರಿಜ್ಜಿನಲ್ಲಿ ಇಟ್ಟ ಔಷಧಿ. ಕೊನೆಗೆ ಲಾಕರ್.

ಲಾಕರಿಗೆ ನನ್ನದೊಂದು ಉಪಾಯವಿದೆ. ಹಿಂದಿನ ರಾತ್ರಿ ಪಾಸ್‌ಪೋರ್ಟ್ ಜೊತೆಗೆ ಮರುದಿನ ಹಾಕಿಕೊಳ್ಳುವ ಶೂ ಒಂದನ್ನು ಅದರೊಳಗೆ ಇಡುತ್ತೇನೆ. ಒಂದೇ ಶೂ ಹಾಕಿಕೊಂಡು ಯಾರೂ ಹೊರಡುವುದಿಲ್ಲ.

ಬಿಲ್ ಓದದೆ ಸಹಿ ಮಾಡಬೇಡಿ. ಕೋಣೆಯ ಫ್ರಿಜ್ಜಿನಿಂದ ತೆಗೆಯದ ಬಾಟಲಿಗೆ ಹಣ ಹಾಕಿದ್ದನ್ನು ಎರಡು ಸಲ ಕಂಡಿದ್ದೇನೆ. ಎರಡೂ ಸಲ ಕೇಳಿದ ತಕ್ಷಣ ತೆಗೆದರು. ಯುರೋಪಿನ ಕೆಲವು ಊರುಗಳಲ್ಲಿ ತಲೆಗಿಷ್ಟು, ರಾತ್ರಿಗಿಷ್ಟು ಎಂದು ಪ್ರವಾಸಿ ತೆರಿಗೆ ಇರುತ್ತದೆ, ಬುಕ್ ಮಾಡುವಾಗ ಕೊಟ್ಟ ಹಣದಲ್ಲಿ ಅದು ಸೇರಿರದೇ ಇರಬಹುದು. ಅದು ಮೋಸವಲ್ಲ. ಬಂದ ದಿನ ಕಾರ್ಡಿನಲ್ಲಿ ಹಿಡಿದಿಟ್ಟ ಮುಂಗಡ ಬಿಡುಗಡೆಯಾಗಲು ಕೆಲವು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಬಿಲ್ ಜೋಪಾನ.

ಬಾಡಿಗೆ ಕಾರಿದ್ದರೆ ಪೆಟ್ರೋಲ್ ತುಂಬಿಸಿದ ರಸೀದಿ, ಮೀಟರಿನ ಫೋಟೊ, ಕಾರಿನ ನಾಲ್ಕೂ ಬದಿಯ ಫೋಟೊ ಇಟ್ಟುಕೊಳ್ಳಿ. ಕೀಲಿಯನ್ನು ಡಬ್ಬಿಯೊಳಗೆ ಹಾಕಿ ಓಡಬೇಡಿ. ಯಾರಾದರೂ ನೋಡಿ "ಸರಿ ಇದೆ" ಎಂದು ಬರೆದುಕೊಡುವವರೆಗೆ ಹತ್ತು ನಿಮಿಷ ಕಾಯಿರಿ. ಗೀಚು ಬಿದ್ದಿದೆ ಎಂಬ ಪತ್ರ ಮೂರು ವಾರದ ಮೇಲೆ ಬಂದಾಗ ಈ ಫೋಟೊಗಳೇ ನಿಮ್ಮ ವಕೀಲರು.

6. ಉಳಿದ ನಾಲ್ಕು ಗಂಟೆ

ನೋಡದೆ ಬಿಟ್ಟ ಜಾಗಗಳ ಪಟ್ಟಿ ಹಿಡಿದು ಓಡುವುದು ಕೊನೆಯ ದಿನದ ದೊಡ್ಡ ತಪ್ಪು. ನಾನೂ ಓಡಿದ್ದೇನೆ. ಮೂರು ಮ್ಯೂಸಿಯಂ ಬಾಗಿಲು ಮುಟ್ಟಿ ಬಂದೆ, ಒಂದೂ ನೆನಪಿಲ್ಲ.

ಒಂದೇ ಜಾಗ ಆರಿಸಿ. ಹೋಟೆಲಿನಿಂದ ನಡೆದು ಹೋಗುವಷ್ಟು ಹತ್ತಿರ ಇರಲಿ. ಈಗಾಗಲೇ ನೋಡಿ ಇಷ್ಟಪಟ್ಟ ಜಾಗವೇ ಆದರೆ ಇನ್ನೂ ಒಳ್ಳೆಯದು. ಮೊದಲ ದಿನ ದಾರಿ ತಪ್ಪಿದ ಬೀದಿಯಲ್ಲಿ ಈಗ ಮ್ಯಾಪ್ ನೋಡದೆ ನಡೆಯುತ್ತೀರಿ. ಆ ಖುಷಿ ಬೇರೆ.

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಜನರ ಕೈಯನ್ನು 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡ್ ಇಡಿಸಿದರು. ಇನ್ನೊಂದು ಸಲ ಅದೇ 60 ಸೆಕೆಂಡ್, ಮೇಲೆ ಇನ್ನೂ 30 ಸೆಕೆಂಡ್. ಆ 30 ಸೆಕೆಂಡಿನಲ್ಲಿ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಿದರು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದು ಕೇಳಿದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ನೋವು ಜಾಸ್ತಿ ಹೊತ್ತು ಇತ್ತು, ಆದರೆ ಮುಗಿತಾಯ ಸ್ವಲ್ಪ ಹಿತವಾಗಿತ್ತು. ಹತ್ತು ದಿನದ ಪ್ರವಾಸದಲ್ಲಿ ಐದು ದಿನ ಮಳೆ ಬಂದಿದ್ದರೂ ಕೊನೆಯ ಬೆಳಿಗ್ಗೆ ಒಂದು ಬೆಂಚಿನ ಮೇಲೆ ಆರಾಮಾಗಿ ಕೂತಿದ್ದರೆ, ಮನೆಗೆ ಹೋದ ಮೇಲೆ ಆ ಬೆಂಚಿನ ಮಾತೇ ಬರುತ್ತದೆ. ನಮ್ಮನೆಯಲ್ಲಂತೂ ಹಾಗೇ ಆಗಿದೆ.

7. ವಿಮಾನ ನಿಲ್ದಾಣದಲ್ಲಿ: ಕ್ರಮ ತಪ್ಪಬಾರದು

ಅಲ್ಲಿ ಕೊಂಡ ವಸ್ತುಗಳ ಮೇಲಿನ ತೆರಿಗೆ ವಾಪಸ್ ಪಡೆಯುವವರು ಲಗೇಜ್ ಕೊಡುವ ಮೊದಲೇ ಕಸ್ಟಮ್ಸ್ ಮುದ್ರೆ ಎಲ್ಲಿ ಎಂದು ಕೇಳಿ. ವಸ್ತು ತೋರಿಸಿ ಎಂದು ಅವರು ಕೇಳಬಹುದು. ಅದು ಆಗಲೇ ಬೆಲ್ಟ್ ಮೇಲೆ ಹೋಗಿದ್ದರೆ ಏನು ತೋರಿಸುತ್ತೀರಿ? ಯುರೋಪಿಯನ್ ಒಕ್ಕೂಟದಲ್ಲಿ ಕೊಂಡ ವಸ್ತುವನ್ನು, ಕೊಂಡ ತಿಂಗಳು ಮುಗಿದ ಮೇಲೆ ಮೂರು ತಿಂಗಳೊಳಗೆ ಹೊರಗೆ ಒಯ್ಯಬೇಕು. ಹಲವು ದೇಶ ಸುತ್ತಿದ್ದರೆ, ಒಕ್ಕೂಟವನ್ನು ಬಿಡುವ ಕೊನೆಯ ದೇಶದಲ್ಲಿ ಮುದ್ರೆ. ಬ್ರಿಟನ್ನಿನಲ್ಲಿ, ಅಂದರೆ ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್‌ನಲ್ಲಿ, ಪ್ರವಾಸಿ ತಾನೇ ಒಯ್ಯುವ ವಸ್ತುವಿಗೆ 2021ರಿಂದ ಈ ಸೌಲಭ್ಯವೇ ಇಲ್ಲ. ಸಣ್ಣ ಮೊತ್ತಕ್ಕೆ ಒಂದು ಗಂಟೆ ಸಾಲಿನಲ್ಲಿ ನಿಲ್ಲಬೇಕಾ ಎಂಬುದು ನಿಮಗೆ ಬಿಟ್ಟಿದ್ದು. ನಾನು ಒಮ್ಮೆ ನಿಂತೆ. ಬಂದ ದುಡ್ಡಿನಲ್ಲಿ ಅಲ್ಲೇ ಕಾಫಿ ಕುಡಿದೆವು, ಮುಗಿಯಿತು.

ಲಗೇಜ್ ಕೊಟ್ಟಾಗ ಅಂಟಿಸುವ ಚೀಟಿಯ ಮೇಲೆ ಕೊನೆಯ ಊರಿನ ಕೋಡ್ ಇದೆಯೇ ನೋಡಿ. ಇಲ್ಲದಿದ್ದರೆ ನಡುವಿನ ನಿಲ್ದಾಣದಲ್ಲಿ ನೀವೇ ತೆಗೆದು ಮತ್ತೆ ಕೊಡಬೇಕು. ಅಮೆರಿಕದ ಮೂಲಕ ಹೋಗುವವರು ಸಾಮಾನ್ಯವಾಗಿ ಅಲ್ಲಿ ಮೊದಲು ಇಳಿದ ನಿಲ್ದಾಣದಲ್ಲೇ ಬ್ಯಾಗ್ ತೆಗೆದು ಮತ್ತೆ ಕೊಡಬೇಕಾಗುತ್ತದೆ.

ಡ್ಯೂಟಿ ಫ್ರೀಯಲ್ಲಿ ಬಾಟಲಿ ಕೊಂಡರೆ ಸೀಲ್ ಮಾಡಿದ ಪಾರದರ್ಶಕ ಚೀಲದಲ್ಲಿ ಕೊಡುತ್ತಾರೆ, ರಸೀದಿ ಒಳಗೇ ಕಾಣುವಂತೆ ಇರುತ್ತದೆ. ಮನೆ ತಲುಪುವವರೆಗೆ ಅದನ್ನು ಬಿಚ್ಚಬೇಡಿ. ನಡುವೆ ವಿಮಾನ ಬದಲಿಸುವಾಗ ಮತ್ತೆ ತಪಾಸಣೆ ಇರುತ್ತದೆ. ಬಿಚ್ಚಿದ ಚೀಲದ ಬಾಟಲಿ ಅಲ್ಲೇ ಉಳಿಯುತ್ತದೆ.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಕೌಂಟರ್, ತಪಾಸಣೆ, ಇಮಿಗ್ರೇಷನ್, ಪ್ರತಿ ಕಡೆ ಎರಡು ಹೆಜ್ಜೆ ಮುಂದೆ ಬಂದು ನಿಂತು ಪಾಸ್‌ಪೋರ್ಟ್ ಎಣಿಸಿ. ನಾಲ್ಕು ಜನ, ನಾಲ್ಕು ಪಾಸ್‌ಪೋರ್ಟ್. ತಪಾಸಣೆಯ ಟ್ರೇಯಲ್ಲಿ ಬೆಲ್ಟು, ವಾಚು, ಲ್ಯಾಪ್‌ಟಾಪ್ ಉಳಿಯುವುದು ಹಿಂದಿನವರು ತಳ್ಳುತ್ತಾರೆಂಬ ಗಾಬರಿಯಿಂದ. ತಳ್ಳಲಿ ಬಿಡಿ.

8. ಗೇಟಿನಲ್ಲಿ ಕೂತು: ಕಲಿತದ್ದನ್ನು ಬರೆಯಿರಿ

ಮನೆಗೆ ಹೋದ ಮೇಲೆ ಬರೆಯುತ್ತೇನೆ ಎಂದರೆ ಬರೆಯುವುದಿಲ್ಲ. ಬಟ್ಟೆ ಒಗೆಯುವುದಿರುತ್ತದೆ, ಕೆಲಸಕ್ಕೆ ಹೋಗುವುದಿರುತ್ತದೆ. ಒಂದು ವಾರದಲ್ಲಿ ಸಿಟ್ಟು, ಸುಸ್ತು ಎಲ್ಲ ಕರಗಿ ಫೋಟೊಗಳಷ್ಟೇ ಉಳಿಯುತ್ತವೆ. ಫೋಟೊಗಳಲ್ಲಿ ಎಲ್ಲರೂ ನಗುತ್ತಲೇ ಇರುತ್ತಾರೆ. ಹಾಗಾಗಿ ಕಾಲು ನೋಯುತ್ತಿರುವಾಗಲೇ ಬರೆಯಬೇಕು.

ಐದು ಪ್ರಶ್ನೆ ಸಾಕು. ತಂದು ಬಳಸದೇ ಉಳಿದದ್ದು ಏನು? ಬೇಕೆಂದು ಪರದಾಡಿದ್ದು ಏನು? ಎಲ್ಲಿ ದುಡ್ಡು ದಂಡವಾಯಿತು? ಎಲ್ಲಿ ದುಡ್ಡು ಉಳಿಸಲು ಹೋಗಿ ಕಷ್ಟಪಟ್ಟೆವು? ಯಾವ ದಿನ ಎಲ್ಲರೂ ಖುಷಿಯಾಗಿದ್ದರು, ಯಾಕೆ? ಜೊತೆಯವರೆಲ್ಲ ಒಂದೊಂದು ಸಾಲು ಹೇಳಲಿ, ಮಕ್ಕಳೂ ಸೇರಿ. ಮಕ್ಕಳ ಸಾಲು ಹೆಚ್ಚಾಗಿ ನಮ್ಮದಕ್ಕಿಂತ ಸರಿಯಾಗಿರುತ್ತದೆ.

ನನ್ನ ಫೋನಿನಲ್ಲಿರುವ ಹಳೆಯ ಟಿಪ್ಪಣಿಗಳಿಂದ ಕೆಲವು:

"12:40 ಅಂದರೆ ಹಿಂದಿನ ರಾತ್ರಿ."
"ನಾಲ್ಕು ಜೊತೆ ಚಪ್ಪಲಿ ಶೂ ತಂದೆ, ಹಾಕಿದ್ದು ಎರಡು."
"ಆರು ದಿನಕ್ಕೆ ಮೂರು ಊರು ಜಾಸ್ತಿಯಾಯಿತು. ನೋಡಿದ್ದು ರೈಲು ನಿಲ್ದಾಣಗಳನ್ನೇ."
"ಎರಡನೇ ದಿನದ ಜಗಳಕ್ಕೆ ಕಾರಣ ಹಸಿವು. ಚೀಲದಲ್ಲಿ ತಿನ್ನಲು ಏನಾದರೂ ಇರಲೇಬೇಕು."
"ಊರಾಚೆ ಅಗ್ಗದ ಹೋಟೆಲ್ ಬೇಡ. ಉಳಿದದ್ದು ಟ್ಯಾಕ್ಸಿಗೆ ಹೋಯಿತು."
"ಅತ್ತಿಗೆ: ನಡುವೆ ಒಂದು ಪೂರ್ತಿ ದಿನ ಏನೂ ಇಟ್ಟುಕೊಳ್ಳಬೇಡಿ."

ಮುಂದಿನ ಪ್ರವಾಸಕ್ಕೆ ಟಿಕೆಟ್ ಹುಡುಕುವ ಮೊದಲು ಇದನ್ನು ತೆಗೆದು ಓದುತ್ತೇವೆ. ಅತ್ತಿಗೆಯ ಸಾಲನ್ನು ಮೂರು ಪ್ರವಾಸ ಕಳೆದ ಮೇಲೆ ಜಾರಿಗೆ ತಂದೆವು. ಆ ಖಾಲಿ ದಿನವೇ ಆ ಸಲದ ಒಳ್ಳೆಯ ದಿನವಾಯಿತು ಎಂದು ಅವರು ಈಗಲೂ ನೆನಪಿಸುತ್ತಾರೆ.

9. ಇಳಿದ ಮೇಲೆ

ಬ್ಯಾಗ್ ಬರಲಿಲ್ಲ, ಅಥವಾ ಒಡೆದು ಬಂತು ಎಂದರೆ ಬೆಲ್ಟಿನ ಹತ್ತಿರದ ಕೌಂಟರಿಗೆ ಆಗಲೇ ಹೋಗಿ. ಪಿಐಆರ್ ಎಂಬ ದೂರಿನ ಪತ್ರ ಬರೆಸಿಕೊಂಡು ನಂಬರ್ ಪಡೆಯದೆ ಹೊರಗೆ ಬರಬೇಡಿ. 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವ ಪ್ರಯಾಣಗಳಲ್ಲಿ, ಹಾನಿಯಾಗಿದ್ದರೆ ಬ್ಯಾಗ್ ಕೈಗೆ ಬಂದ 7 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ತಡವಾಗಿ ಬಂದರೆ, ಬಂದ ದಿನದಿಂದ 21 ದಿನದೊಳಗೆ. 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋಯಿತೆಂದೇ ಪರಿಹಾರ ಕೇಳಬಹುದು. ಪರಿಹಾರದ ಮೇಲಿನ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬರಿಗೆ 1,519 ಎಸ್‌ಡಿಆರ್. ಅದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ತಡವಾದ ದಿನಗಳಲ್ಲಿ ಕೊಂಡ ಹಲ್ಲುಜ್ಜುವ ಬ್ರಷ್, ಬಟ್ಟೆ ಎಲ್ಲದರ ರಸೀದಿ ಇಡಿ. ಬ್ಯಾಗ್ ಮುಚ್ಚುವಾಗ ತೆಗೆದ ಫೋಟೊಗಳು ಈಗ ಉಪಯೋಗಕ್ಕೆ ಬರುತ್ತವೆ.

ಸೂಟ್‌ಕೇಸನ್ನು ನೇರವಾಗಿ ಮಂಚದ ಮೇಲೆ ಇಟ್ಟು ಬಿಚ್ಚಬೇಡಿ. ತಿಗಣೆ ಬರುವುದೇ ಹೀಗೆ. ಬಾತ್‌ರೂಮಿನಲ್ಲೋ ಬಾಲ್ಕನಿಯಲ್ಲೋ ಬಿಚ್ಚಿ, ಬಟ್ಟೆಯನ್ನು ಬಿಸಿ ನೀರಿಗೆ ಹಾಕಿ.

ಮಲೇರಿಯಾ ಇರುವ ಪ್ರದೇಶಕ್ಕೆ ಹೋಗಿದ್ದರೆ, ವಾಪಸ್ ಬಂದ ಒಂದು ವರ್ಷದೊಳಗೆ ಯಾವಾಗ ಜ್ವರ ಬಂದರೂ ತಡಮಾಡದೆ ವೈದ್ಯರ ಬಳಿ ಹೋಗಿ, ಎಲ್ಲಿಗೆ ಹೋಗಿದ್ದೆವು ಎಂದು ಮೊದಲ ಮಾತಿಗೇ ಹೇಳಿ. ಅವರು ಕೇಳುವವರೆಗೆ ಕಾಯಬೇಡಿ.

ಕಾರ್ಡಿನ ಲೆಕ್ಕವನ್ನು ಎರಡು ತಿಂಗಳು ಕಣ್ಣಿಟ್ಟು ನೋಡಿ. ಅಡಾಪ್ಟರ್, ಪುಟ್ಟ ತಕ್ಕಡಿ, ಸಿಮ್ ಸೂಜಿ, ಉಳಿದ ಮೆಟ್ರೊ ಕಾರ್ಡ್, ಫಾರಂ ತುಂಬಲು ಒಂದು ಪೆನ್ನು, ಎಲ್ಲವನ್ನೂ ಒಂದು ಚಿಕ್ಕ ಚೀಲಕ್ಕೆ ಹಾಕಿ ಖಾಲಿ ಸೂಟ್‌ಕೇಸಿನ ಒಳಗೇ ಬಿಟ್ಟು ಅಟ್ಟಕ್ಕೆ ಏರಿಸಿ. ನನ್ನ ಚೀಲದಲ್ಲಿ ಪೆನ್ನು ಮಾತ್ರ ಇಲ್ಲ. ಅದನ್ನು ಅಣ್ಣ ವಿಮಾನದಲ್ಲಿ ಪಕ್ಕದ ಸೀಟಿನವರಿಗೆ ಕೊಟ್ಟು ಬಂದಿದ್ದಾನೆ.